ನ್ಯೂಜಿಲೆಂಡ್ ರಾಜಧಾನಿ ಆಕ್ಲೆಂಡ್ ಅಲ್ಲ
ನ್ಯೂಜಿಲೆಂಡ್ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು ಸರ್. ಆದರೆ ಅದರಲ್ಲಿ ಆ ದೇಶದ ರಾಜಧಾನಿ ಆಕ್ಲೆಂಡ್ ಎಂದು ಬರೆದಿದ್ದೀರಿ, ದಯವಿಟ್ಟು ವೆಲಿಂಗ್ಟನ್ ಎಂದು ತಿದ್ದಿ. ಪರೀಕ್ಷೆಗೆ ಓದುವ ಮಕ್ಕಳು ಈ ತಪ್ಪನ್ನೇ ಬರೆದುಕೊಳ್ಳುತ್ತಾರೆ. ಆಕ್ಲೆಂಡ್ ಅಲ್ಲಿನ ಅತಿ ದೊಡ್ಡ ನಗರ, 1865ರವರೆಗೆ ರಾಜಧಾನಿಯೂ ಆಗಿತ್ತು ನಿಜ. ಆದರೆ ದಕ್ಷಿಣ ದ್ವೀಪದಲ್ಲಿ ಚಿನ್ನ ಸಿಕ್ಕಿ ಜನ, ಹಣ ಎರಡೂ ಅತ್ತ ಹರಿದವು. ದೂರದ ಉತ್ತರದಲ್ಲಿ ಕೂತು ಆಳುವ ಸರ್ಕಾರ ನಮಗೇಕೆ, ಬೇರೆಯೇ ಆಗೋಣ ಎಂಬ ಮಾತು ಅಲ್ಲಿ ಎದ್ದಿತು. ಅದಕ್ಕೇ ಎರಡು ದ್ವೀಪಗಳ ನಡುವಿನ ಕುಕ್ ಜಲಸಂಧಿಯ ಪಕ್ಕದ ವೆಲಿಂಗ್ಟನ್ ಆರಿಸಿದರು. ಇನ್ನೊಂದು ಮಾತು: ಹೈನುಗಾರಿಕೆಯ ಬಗ್ಗೆ ಅಷ್ಟು ಬರೆದವರು, 1893ರಲ್ಲೇ ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದನ್ನು ಬಿಡಬಾರದಿತ್ತು. ಸ್ವಯಮಾಡಳಿತದ ದೇಶಗಳಲ್ಲಿ ಅದೇ ಮೊದಲು.