ಅರ್ಜಿ ಮೇಲಕ್ಕೆ ರವಾನಿಸಲಾಗಿದೆ

ಮುಂಗಾರು ನಾಲ್ಕು ದಿನ ತಡವಾದರೆ ಸಾಕು, ಸಿಂಧನೂರಿನ ಚಹಾದಂಗಡಿಯಲ್ಲಿ ಮಿರ್ಚಿ ತಟ್ಟೆಯ ಆಚೀಚೆ ಎರಡು ಪಕ್ಷ ಹುಟ್ಟುತ್ತವೆ. "ಬೇಡ್ಕೊಂಡ್ರ ದೇವ್ರು ಕೊಟ್ಟೇ ಕೊಡ್ತಾನ್ರೀ" ಅನ್ನುವುದು ಒಂದು. "ಹಂಗಾರ 2023ರಾಗ ಯಾಕ ಕೊಡ್ಲಿಲ್ಲಪಾ?" ಅನ್ನುವುದು ಇನ್ನೊಂದು. "ನಾವು ಬೇಡ್ಕೊಳ್ಳೋದ್ರಾಗ ಕಡಿಮಿ ಬಿತ್ತು." ಮುಗಿಯಿತು. ಇಷ್ಟು ಗಟ್ಟಿ ಸಮಜಾಯಿಷಿ ಯಾವ ಇಲಾಖೆಗೂ ಈವರೆಗೆ ಹೊಳೆದಿಲ್ಲ.

ಹೊಳೆಯುವ ಅಗತ್ಯವೂ ಇಲ್ಲ ಬಿಡಿ. ಸರ್ಕಾರ ಈ ವ್ಯಾಜ್ಯವನ್ನು 2019ರಲ್ಲೇ ಇತ್ಯರ್ಥ ಮಾಡಿದೆ. ಜೂನ್ 6ರಂದು ದೇವಸ್ಥಾನಗಳಲ್ಲಿ ಮಳೆಗಾಗಿ ವಿಶೇಷ ಪೂಜೆ ಮಾಡಿಸಿ, ಖರ್ಚು 10,001 ರೂಪಾಯಿ ಮೀರಬಾರದು ಎಂದು ಮುಜರಾಯಿ ಇಲಾಖೆ ಸುತ್ತೋಲೆ ಹೊರಡಿಸಿತ್ತಲ್ಲ! ಮಂತ್ರಿಗಳೇ ಮಳೆ ದೇವರೆಂದು ಹೆಸರಾದ ಕಿಗ್ಗದ ಋಷ್ಯಶೃಂಗನ ಮುಂದೆ ಕೂತರು. ದಿನಾಂಕದ ಆಯ್ಕೆಗಂತೂ ನನ್ನ ಸಾಷ್ಟಾಂಗ ನಮಸ್ಕಾರ. ಜೂನ್ ಮೊದಲ ವಾರ ಮಳೆ ಬೇಡುವುದಕ್ಕೂ ಬಸ್ ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತು ಕೈ ಅಡ್ಡ ಹಿಡಿಯುವುದಕ್ಕೂ ವ್ಯತ್ಯಾಸ ಕಾಣದು. ಧೈರ್ಯವಿದ್ದರೆ ಏಪ್ರಿಲ್‌ನಲ್ಲಿ ರಾಯಚೂರಿಗೆ ಬಂದು ಹೋಮ ಮಾಡಲಿ.

ಅಮೆರಿಕದವರಿಗೆ ಈ ಜಾಣತನವಿಲ್ಲ. ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳನ್ನು ಮೂರು ಗುಂಪು ಮಾಡಿ, ಯಾರಿಗಾಗಿ ಪ್ರಾರ್ಥಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. 2006ರಲ್ಲಿ ಫಲಿತಾಂಶ ಬಂತು. ಪ್ರಾರ್ಥನೆಯಿಂದ ಏನೂ ಹೆಚ್ಚಳವಿಲ್ಲ. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತೇವೆ ಎಂದು ಹೇಳಿಸಿಕೊಂಡವರಲ್ಲೇ ತೊಡಕು ಜಾಸ್ತಿ, ನೂರಕ್ಕೆ 59. ಉಳಿದವರಲ್ಲಿ 52ರ ಆಸುಪಾಸು. ಇದಕ್ಕೆ ಸುರಿದದ್ದು 24 ಲಕ್ಷ ಡಾಲರ್. ನಮ್ಮ ಮುಜರಾಯಿಯವರು 10,001ರಲ್ಲಿ ಮುಗಿಸುತ್ತಿದ್ದರು, ರಸೀದಿ ಸಮೇತ. ಈ ಸಂಶೋಧನೆಯನ್ನು ಚಹಾದಂಗಡಿಯಲ್ಲಿ ಹೇಳಿದೆ. "ಅದು ಅಲ್ಲಿ ದೇವ್ರು, ಅವ್ನ ಹತ್ರ ನಮಗೇನ್ ಕೆಲ್ಸ?" ಎಂದರು ಆಸ್ತಿಕ ಕಾಕಾ. ಪಕ್ಕದ ಮಸ್ಕಿಯ ಬಂಡೆಯ ಮೇಲೆ ಅಶೋಕ, ಮೊದಲು ಮನುಷ್ಯರೊಂದಿಗೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ ಎಂದು ಕೆತ್ತಿಸಿದ್ದಾನೆ. ಟೆಂಡರ್‌ನಲ್ಲೂ ಬೆರೆಯುತ್ತಾರೆಂದು ಪಾಪ ಅವನಿಗೇನು ಗೊತ್ತು!

ಈಗ ತುಂಗಭದ್ರೆಗೆ ಬರೋಣ. 2024ರಲ್ಲಿ ದೇವರ ಕಡೆಯಿಂದ ಎಳ್ಳಷ್ಟೂ ಲೋಪವಿಲ್ಲ. ಡ್ಯಾಂ ತುಂಬಿಸಿದ. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು, ಹತ್ತಾರು ಟಿಎಂಸಿ ನೀರು ನದಿಪಾಲಾಯಿತು. ನಿವೃತ್ತಿಯಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು ಇಳಿಸಿದರು. ಮತ್ತೆ ಮಳೆ ಬಂತು, ಸೆಪ್ಟೆಂಬರ್‌ನಲ್ಲಿ ಡ್ಯಾಂ ಮತ್ತೆ ತುಂಬಿತು, ಬಾಗಿನವೂ ಆಯಿತು. "ಒಂದ ವರ್ಷದಾಗ ಎರಡು ಸಲ ತುಂಬಿಸ್ಯಾನ. ಈಗ ಮಾತಾಡು!" ಎಂದರು ಕಾಕಾ. ನಾಸ್ತಿಕ ಸುಮ್ಮನೆ ಬಸಿಯಲ್ಲಿ ಚಹಾ ಸುರುವಿಕೊಂಡ.

ಸೋಲಬೇಕಾದವನು ಅವನಲ್ಲ. ಎಪ್ಪತ್ತು ವರ್ಷದ ಹಳೇ ಚೈನ್ ನೋಡಿಕೊಳ್ಳುವುದು ಯಾವ ದೇವರ ಕೆಲಸವೂ ಆಗಿರಲಿಲ್ಲ. 133 ಟಿಎಂಸಿಯ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದೆ. ಹೂಳಿಗೆ ಯಾವ ಜಪ? ಆ ಕೊರತೆ ತುಂಬಲು ಕಟ್ಟಬೇಕಿರುವ ನವಲಿ ಜಲಾಶಯ ಕಾಗದದ ಮೇಲೆ ತುಂಬಿ ತುಳುಕುತ್ತಿದೆ. ಎಡದಂಡೆ ಕಾಲುವೆಗುಂಟ ಹಾಡಹಗಲೇ ಪೈಪು ಇಳಿಬಿಟ್ಟು ನೀರೆತ್ತುತ್ತಾರೆ, ಮಾನ್ವಿ, ಸಿರವಾರದ ಕಡೆ ಭತ್ತ ಹೊಟ್ಟೆಗೆ ಬರುವ ಹೊತ್ತಿಗೆ ಗದ್ದೆ ಬಿರಿಯುತ್ತದೆ. ರೈತರು ರಸ್ತೆಗೆ ಕೂತಾಗ ಸಾಹೇಬರು ಬರುತ್ತಾರೆ, ಮನವಿ ತಗೊಳ್ಳುತ್ತಾರೆ, ಫೋಟೊ ಆಗುತ್ತದೆ, ಮೇಲಿನವರ ಗಮನಕ್ಕೆ ತರುತ್ತೇವೆ ಅನ್ನುತ್ತಾರೆ. ಸಾಕಾಗಿದೆ ಸ್ವಾಮಿ. ಸಂಬಳ ತಗೊಂಡು ಉತ್ತರ ಕೊಡಬೇಕಾದವರನ್ನು ಬಿಟ್ಟು, ಸಂಬಳವಿಲ್ಲದವನು ಉತ್ತರ ಕೊಡುತ್ತಾನೋ ಇಲ್ಲವೋ ಎಂದು ನಾವು ಹೊಡೆದಾಡುತ್ತಿದ್ದೇವೆ.

ಟೇಲೆಂಡಿನ, ಅಂದರೆ ಕಾಲುವೆಯ ಕೊನೆಯ ಭಾಗದ ರೈತನೊಬ್ಬನನ್ನು ಕೇಳಿದೆ, ನೀನು ಯಾವ ಪಕ್ಷ ಅಂತ. "ಹುಲಿಗೆಮ್ಮನ ಮುಂದ ಕೈ ಮುಗದ್ರ ಭಂಡಾರಾನಾದ್ರೂ ಹಚ್ಚಿ ಕಳಸ್ತಾರ್ರೀ. ಆಫೀಸಿನಾಗ ಹಿಂಬರಹಾನೂ ಕೊಡಂಗಿಲ್ಲ."