ಎಲ್, ಪಿ, ಎಚ್, ಟಿ, ಎಚ್

ದಾವಣಗೆರೆಯ ಪಿಯು ಕಾಲೇಜಿನ ಲ್ಯಾಬುಗಳಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ಒಳಗೆ ನೀರಿನಂಥ ದ್ರವ. ಕ್ಷಾರ ಸೇರಿದರೆ ಗುಲಾಬಿಯಾಗಿ ಸುಳಿವು ಕೊಡುವ ಇಂಡಿಕೇಟರ್ ಇದು. ಹೆಸರು ಫಿನಾಲ್ಫ್ಥಲೀನ್. ಇಂಗ್ಲಿಷಿನಲ್ಲಿ 15 ಅಕ್ಷರ. ನಟ್ಟ ನಡುವೆ ಎಲ್, ಪಿ, ಎಚ್, ಟಿ, ಎಚ್, ಮಂಡಿಪೇಟೆಯ ಸಂದಿಯಲ್ಲಿ ಸಿಕ್ಕಿಕೊಂಡ ಐದು ಆಟೋಗಳ ಹಾಗೆ. ಒಂದು ಸ್ವರವೂ ಇಲ್ಲ, ಯಾರು ಮುಂದೆ ಹೋಗಬೇಕು?

ಹುಡುಗರಲ್ಲಿ ‘ಫಿನಾಪ್ತಲಿನ್’ ಅನ್ನುವವರೇ ಜಾಸ್ತಿ. ಕೆಲವರು ನೆಲ ಒರೆಸುವ ಫಿನಾಯಿಲನ್ನೂ ಎಳೆದು ತರುತ್ತಾರೆ. ಜಾಣರು ಸುಮ್ನೆ ‘ಇಂಡಿಕೇಟರ್ ಸರ್’ ಅಂದು ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ದಾಟಿಬಿಡುತ್ತಾರೆ.

ನಿಘಂಟು ಹೇಳುವುದು ಫೀ-ನಾಲ್-ಥ್ಯಾ-ಲೀನ್ ಅಂತ. ಒತ್ತು ‘ಥ್ಯಾ’ ಮೇಲೆ. ಕೆಲವು ನಿಘಂಟುಗಳಲ್ಲಿ ಕೊನೆಯ ‘ಲೀನ್’ ಸೀಳಿ ‘ಲಿಯನ್’ ಆಗಿದೆ. ನಡುವಿನ ಪಿ, ಎಚ್ ಎರಡೂ ಬಾಯಿಗೇ ಬರುವುದಿಲ್ಲ! ಮತ್ತೆ ಯಾಕಿವೆ? ಅದು ನುಸಿ ಗುಳಿಗೆಯ ಕಿತಾಪತಿ. ಆ ಗುಳಿಗೆಯ ನ್ಯಾಫ್ಥಲೀನ್‌ನಿಂದ ಒಂದು ಆಮ್ಲ ಮಾಡಿದರು. ಹೆಸರಿಡುವಾಗ ತಲೆಯ ‘ನ್ಯಾ’ ಕತ್ತರಿಸಿ, ಉಳಿದ ಮುಂಡಕ್ಕೆ ಥ್ಯಾಲಿಕ್ ಅಂದರು. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಅದರ ಅನ್‌ಹೈಡ್ರೈಡಿಗೆ (ನೀರಿನಂಶ ಕಳೆದ ರೂಪಕ್ಕೆ) ಫೀನಾಲ್ ಬೆರೆಸಿ ಕಾಯಿಸಿದ. ವಸ್ತುಗಳ ಜೊತೆ ಹೆಸರುಗಳೂ ಅಂಟಿಕೊಂಡವು. ಆ ಬೆಸುಗೆಯಲ್ಲೇ ಬಿಡಿಸಿ, ಫೀನಾಲ್ ಅಂದು ಉಸಿರು ತಗೊಂಡು ಥ್ಯಾಲೀನ್ ಅಂದರೆ ಅರ್ಧ ಕಷ್ಟ ಮುಗಿಯಿತು.

ಆದರೂ ‘ಪ್ತ’ ಅನ್ನುವ ಹುಡುಗನ ಪರವೇ ನಾನು. ಬರೆದದ್ದನ್ನೆಲ್ಲ ಓದುವ ಭಾಷೆ ನಮ್ಮದು. ಬರೆದಿಟ್ಟು ನುಂಗುವ ಚಾಳಿ ನಮಗಿಲ್ಲ. ಸಪ್ತ, ಗುಪ್ತ, ತೃಪ್ತ ಅಂತ ಬೆಳೆದ ನಾಲಿಗೆ ಇನ್ನೇನು ಅಂದೀತು? ಬ್ಯುರೆಟ್ಟೆಂಬ ಅಳತೆಯ ಗಾಜಿನ ಕೊಳವೆಯಿಂದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೀಳುವಾಗ ಆಮ್ಲದ ಫ್ಲಾಸ್ಕಿನಲ್ಲಿ ಗುಲಾಬಿ ಮಿಂಚಿ ಮಾಯವಾಗುತ್ತದೆ, ಮತ್ತೆ ಮಿಂಚುತ್ತದೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 8.2 ದಾಟಿದರೆ ನಿಲ್ಲುತ್ತದೆ. ಅಲ್ಲಿ ಉಚ್ಚಾರಣೆ ಯಾರು ಕೇಳುತ್ತಾರೆ? ಒಂದೇ ಹನಿ ಹೆಚ್ಚಾದರೂ ರಾಣಿ ಬಣ್ಣ ಬಂದು ರೀಡಿಂಗ್ ಕೆಟ್ಟಿತು, ಅದೇ ದೊಡ್ಡ ಚಿಂತೆ.

ಲ್ಯಾಬಿನ ಹೊರಗೆ ಈ ಹೆಸರಿಗೆ ಗಿರಾಕಿ ಅಂದರೆ ಲೋಕಾಯುಕ್ತ ಪೊಲೀಸರು. ಲಂಚದ ನೋಟಿಗೆ ಇದರ ಪುಡಿ ಸವರಿರುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ. ಆಮೇಲೆ ಪಂಚನಾಮೆ. ಅದಕ್ಕೆ ಸಹಿ ಹಾಕಿದ ಪಂಚರು ಮುಂದೊಂದು ದಿನ ಕೋರ್ಟಿನಲ್ಲಿ ನಿಂತು ಈ ಹೆಸರು ಹೇಳಬೇಕಲ್ವಾ? ‘ಬಿಳೀ ಪುಡಿ ಸ್ವಾಮಿ’ ಅಂದರೂ ನ್ಯಾಯಾಧೀಶರು ಒಪ್ಪಿಕೊಳ್ಳಲಿ.