ಅರ್ಧ ಗಂಟೆಯ ಆಪರೇಷನ್, ಸರಿ, ಆಮೇಲೆ?

ಕೆಮ್ಮಿದಾಗ, ಸೀನಿದಾಗ ಹೆಂಗಸರಿಗೆ ಆಗುವ ಮೂತ್ರ ಸೋರಿಕೆಯ ಬಗ್ಗೆ ವೈದ್ಯರೊಬ್ಬರು ಮಾತನಾಡಿದ ವಿಡಿಯೋವನ್ನು ಈಗಷ್ಟೇ ನೋಡಿ ಮುಗಿಸಿದೆ. ಈ ವಿಷಯ ಬಂದರೆ ನನಗೆ ಸಿಟ್ಟು ಬರುತ್ತದೆ. ಮೂತ್ರನಾಳಕ್ಕೆ ಆಸರೆಯಾಗಿ ಅದರ ಕೆಳಗೆ ಜಾಲರಿ ಪಟ್ಟಿ (ಸ್ಲಿಂಗ್) ಕೂರಿಸುವ ಬೇರೆಬೇರೆ ಬಗೆಯ ಆಪರೇಷನ್‌ಗಳನ್ನು ಅವರು ಹೋಲಿಸುತ್ತಿದ್ದರು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಗಾಯ ಸಣ್ಣದು, ಸಂಜೆಗೆ ಮನೆಗೆ ಹೋಗಬಹುದು ಎನ್ನುವಲ್ಲಿಗೆ ಅವರ ಹೋಲಿಕೆ ಮುಗಿಯಿತು. ದೇಹದೊಳಗೆ ಜೀವನಪೂರ್ತಿ ಉಳಿಯುವ ಪಟ್ಟಿಯನ್ನು ನಿಮಿಷಗಳಲ್ಲಿ ಅಳೆಯುವ ಈ ಚಾತುರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಸ್ವೀಡನ್ನಿನ ವೈದ್ಯ ಉಲ್ಮ್‌ಸ್ಟೆನ್ 1996ರಲ್ಲಿ ಪ್ರಕಟಿಸಿದ ಟಿವಿಟಿ (ಯೋನಿಯ ಮೂಲಕ, ಬಿಗಿಯದೆ ಪಟ್ಟಿ ಕೂರಿಸುವ) ವಿಧಾನದಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಯು ಮೂತ್ರನಾಳದ ಕೆಳಗಿನಿಂದ ಹೊರಟು ಜಘನಾಸ್ಥಿಯ (ಕಿಬ್ಬೊಟ್ಟೆಯ ಕೆಳಗಿನ ಮೂಳೆಯ) ಹಿಂದೆ ಮೇಲೇರುತ್ತದೆ. ಆ ದಾರಿಯಲ್ಲಿ ಸೂಜಿಯು ಮೂತ್ರಕೋಶಕ್ಕೆ ಚುಚ್ಚುವ ಅಪಾಯವಿದೆ. ಅದನ್ನು ತಗ್ಗಿಸಲು 2001ರಲ್ಲಿ ಫ್ರಾನ್ಸಿನ ವೈದ್ಯ ಡೆಲಾರ್ಮ್ ಪಟ್ಟಿಯನ್ನು ತೊಡೆಸಂದಿನ ಕಡೆಗೆ ತಿರುಗಿಸಿದರು. 597 ಮಹಿಳೆಯರಲ್ಲಿ ಇವೆರಡನ್ನೂ ಹೋಲಿಸಿದ ಅಮೆರಿಕದ ಅಧ್ಯಯನ 2010ರಲ್ಲಿ ಹೊರಬಂತು. ಒಂದು ವರ್ಷದ ನಂತರದ ಪರೀಕ್ಷೆಗಳಲ್ಲಿ ಮೊದಲನೆಯದು ಶೇ. 80.8, ಎರಡನೆಯದು ಶೇ. 77.7 ಮಂದಿಯಲ್ಲಿ ಯಶಸ್ವಿಯಾಗಿತ್ತು, ಅಂದರೆ ಹೆಚ್ಚುಕಡಿಮೆ ಸಮ. ಆದರೆ ಮೂತ್ರ ಸರಿಯಾಗಿ ಹೋಗದೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಮೊದಲ ಗುಂಪಿನಲ್ಲಿ ಶೇ. 2.7, ಎರಡನೆಯದರಲ್ಲಿ ಯಾರೂ ಇಲ್ಲ; ನರಸಂಬಂಧಿ ತೊಂದರೆ ಶೇ. 4ರ ಎದುರು ಶೇ. 9.4. ಹೆಂಗಸೊಬ್ಬಳು ಯೋಚಿಸಿ ಆರಿಸಬೇಕಾದದ್ದು ಇಲ್ಲಿ, ಗಡಿಯಾರದಲ್ಲಲ್ಲ.

ಇನ್ನು ಮಿನಿ ಸ್ಲಿಂಗ್. ಪಟ್ಟಿ ಗಿಡ್ಡವಾದ್ದರಿಂದ ತೊಂದರೆಯೂ ಗಿಡ್ಡವಿರಬೇಕೆಂಬುದು ವಿಡಿಯೋದ ತರ್ಕ. ಬ್ರಿಟನ್ನಿನ 2022ರ ಅಧ್ಯಯನದಲ್ಲಿ ಸೋರಿಕೆಯ ಮಟ್ಟಿಗೆ ಅದು ಉದ್ದದ ಪಟ್ಟಿಗಳಿಗೆ ಸರಿಸಮವಾಗಿಯೇ ನಿಂತಿತು. ಆದರೆ ಮೂರು ವರ್ಷಗಳ ಬಳಿಕ, ಲೈಂಗಿಕ ಜೀವನದ ಪ್ರಶ್ನೆಗಳಿಗೆ ಉತ್ತರಿಸಿದವರ ಪೈಕಿ ಸಂಭೋಗದ ವೇಳೆ ನೋವಾಗುತ್ತದೆ ಎಂದವರು ಮಿನಿ ಸ್ಲಿಂಗ್‌ನಲ್ಲಿ ಶೇ. 11.7, ಉದ್ದದ ಪಟ್ಟಿಗಳಲ್ಲಿ ಶೇ. 4.8. ಇದನ್ನು ಹೇಳಲು ವೈದ್ಯರಿಗೆ ಸಂಕೋಚವಾಯಿತೇನೋ!

ಇಷ್ಟೆಲ್ಲ ಹೇಳಿದರೆ ಹೆಂಗಸರು ಹೆದರಿ ಚಿಕಿತ್ಸೆಗೇ ಬರುವುದಿಲ್ಲ ಎನ್ನುವವರಿದ್ದಾರೆ. ಪಟ್ಟಿಯಿಂದ ನೆಮ್ಮದಿ ಪಡೆದವರೇ ಬಹುಪಾಲು ಎಂಬುದೂ ನಿಜ. ಆದರೆ ಹೆರಿಗೆಯ ನೋವನ್ನೇ ತಡೆದುಕೊಂಡವರು ಶೇಕಡಾವಾರು ಲೆಕ್ಕ ಕೇಳಿ ಮೂರ್ಛೆ ಹೋಗುತ್ತಾರೆಯೇ? 2018ರಲ್ಲಿ ಇಂಗ್ಲೆಂಡ್ ಈ ಪಟ್ಟಿಗಳ ಬಳಕೆಗೆ ತಡೆ ಹಾಕಿದ್ದರ ಹಿಂದೆ, ವರ್ಷಗಟ್ಟಲೆ ನೋವು ಹೇಳಿಕೊಂಡರೂ ಯಾರೂ ನಂಬದಿದ್ದ ಹೆಂಗಸರಿದ್ದರು.

ಪ್ಯಾಡ್ ಇಲ್ಲದೆ ನಾನೂ ಹೊರಗೆ ಹೋಗುವುದಿಲ್ಲ, ಹೇಳಿಬಿಟ್ಟೆ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ನಡೆದಿದೆ. ಅದು ಸಾಲದೆ ಹೋದರೆ, ಮೂತ್ರನಾಳದ ಗೋಡೆಗೆ ಜೆಲ್ ಚುಚ್ಚುವ ಚಿಕಿತ್ಸೆಯನ್ನೇ ಮೊದಲು ಕೇಳುತ್ತೇನೆ. ಅದು ಪಟ್ಟಿಯಷ್ಟು ಫಲ ಕೊಡುವುದಿಲ್ಲ, ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಗಲೂಬಹುದು. ಆದರೂ ಅದು ಕೈಕೊಟ್ಟರೆ ಪಟ್ಟಿಯ ದಾರಿ ಉಳಿದಿರುತ್ತದೆ. ಅಂಗಾಂಶದೊಳಗೆ ಬೆಸೆದುಕೊಂಡ ಪಟ್ಟಿಯನ್ನು ಪೂರ್ತಿ ಬಿಡಿಸಿ ತೆಗೆಯುವುದು ಮಾತ್ರ ನುರಿತ ಕೈಗಳಿಗೂ ಕಷ್ಟ.